ಸಂತೆಯಿಂದ ಸಂತೆಯವರೆಗೆ: ಸೊಪ್ಪು, ತರಕಾರಿ, ಮಿಕ್ಕ ಅಡುಗೆ ಕೆಡದಂತೆ ಇಡುವ ಬಗೆ

ಭಾನುವಾರ ಬೆಳಿಗ್ಗೆ ತರಕಾರಿ ಚೀಲವನ್ನು ಅಡುಗೆಮನೆಯಲ್ಲಿ ಇಳಿಸಿದ ಮೇಲಿನ ಅರ್ಧ ಗಂಟೆಯಲ್ಲೇ ಆ ವಾರದ ತರಕಾರಿಯ ಹಣೆಬರಹ ತೀರ್ಮಾನವಾಗಿಬಿಡುತ್ತದೆ. ಮೈಸೂರಿನ ಎಂ.ಜಿ. ರಸ್ತೆ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಏಳಕ್ಕೆ ಕೊಂಡ ಕೊತ್ತಂಬರಿ ಎಷ್ಟೇ ನಳನಳಿಸುತ್ತಿರಲಿ, ಬಿಗಿದ ಪ್ಲಾಸ್ಟಿಕ್ ಕವರಿನಲ್ಲೇ ಫ್ರಿಜ್ಜಿಗೆ ತುರುಕಿದರೆ ಬುಧವಾರದ ಹೊತ್ತಿಗೆ ಲೋಳೆಯಾಗಿರುತ್ತದೆ. ಅದೇ ಕಟ್ಟನ್ನು ಬಿಚ್ಚಿ, ಹರವಿ, ಬಟ್ಟೆಯಲ್ಲಿ ಸುತ್ತಿಟ್ಟರೆ ಮುಂದಿನ ಭಾನುವಾರದ ಸಾರಿಗೂ ಸಿಗುತ್ತದೆ.

ನಾನು ಹುಟ್ಟಿ ಬೆಳೆದದ್ದು ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಒಂದು ಹಳ್ಳಿಯಲ್ಲಿ. ನಮ್ಮ ಮನೆಗೆ ಫ್ರಿಜ್ ಬಂದದ್ದು ನಾನು ಕಾಲೇಜು ಮೆಟ್ಟಿಲು ಹತ್ತಿದ ಮೇಲೆ. ಅದಕ್ಕೂ ಮುಂಚೆ ಅವ್ವ ತರಕಾರಿಯನ್ನು ತಿಪ್ಪೆಗೆ ಸುರಿದದ್ದು ನನಗೆ ನೆನಪೇ ಇಲ್ಲ. ಒಂದು ಕಟ್ಟು ಸೊಪ್ಪಿನ ಹಿಂದೆ ನೀರು ಕಟ್ಟಿದವರ, ನಸುಕಿಗೇ ಎದ್ದು ಕಿತ್ತವರ, ತಲೆ ಮೇಲೆ ಹೊತ್ತು ತಂದವರ ದುಡಿಮೆ ಇದೆ ಎಂದು ಗೊತ್ತಿರುವವರಿಗೆ, ಅದು ಬಳಸುವ ಮೊದಲೇ ಕಸದ ಬುಟ್ಟಿಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಮನೆಯಲ್ಲಿ ನಾನು ಮಾಡುವುದನ್ನು, ಮಾಡಿ ಫಲ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶುರು ಮಾಡುವ ಮುಂಚೆ ಒಂದು ವಿಷಯ ತಲೆಯಲ್ಲಿ ಕೂತರೆ ಮಿಕ್ಕದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಕಿತ್ತ ಮೇಲೂ ತರಕಾರಿಗೆ ಜೀವ ಇರುತ್ತದೆ. ಅದು ಉಸಿರಾಡುತ್ತದೆ, ಬೆವರುತ್ತದೆ, ತನ್ನೊಳಗೆ ಕೂಡಿಟ್ಟ ಸಕ್ಕರೆಯನ್ನು ಸ್ವಲ್ಪ ಸ್ವಲ್ಪವೇ ಕರಗಿಸಿಕೊಳ್ಳುತ್ತದೆ. 1950ರಿಂದ ಚೆಲುವಾಂಬ ಅರಮನೆಯಲ್ಲಿ ನಡೆಯುತ್ತಿರುವ ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಯಲ್ಲಿ ಹಣ್ಣು ತರಕಾರಿಗೆಂದೇ ಒಂದು ವಿಭಾಗ ಇರುವುದು ಇಂಥ ಸಂಗತಿಗಳ ಅಧ್ಯಯನಕ್ಕಾಗಿಯೇ. ಬೇಯಿಸಿದ ಅಡುಗೆಯ ಮಾತು ಬೇರೆ. ಅದಕ್ಕೆ ಜೀವ ಇಲ್ಲ, ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳಿಗೆ ಇದೆ. ಆದ್ದರಿಂದ ತರಕಾರಿಗೆ ಬೇಕಾದದ್ದು ನಿಧಾನವಾಗಿ ಉಸಿರಾಡುವಷ್ಟು ಜಾಗ. ಅಡುಗೆಗೆ ಬೇಕಾದದ್ದು ಬೇಗ ತಣಿದು, ತಣ್ಣಗೇ ಮುಚ್ಚಿಕೊಂಡಿರುವುದು. ಇವೆರಡನ್ನೂ ಒಂದೇ ರೀತಿ ನೋಡಿಕೊಂಡಾಗಲೇ ಎರಡೂ ಕೆಡುವುದು.

ಮೊದಲು ಚೀಲ ಸುರಿಯಿರಿ

ತಂದದ್ದನ್ನೆಲ್ಲ ನೆಲದ ಮೇಲೆ ಒಂದು ಹಳೆಯ ಪಂಚೆ ಹಾಸಿ ಸುರಿಯಿರಿ. ಪ್ಲಾಸ್ಟಿಕ್ ಕವರು, ರಬ್ಬರ್ ಬ್ಯಾಂಡು, ಸೊಪ್ಪಿಗೆ ಕಟ್ಟಿದ ಬಾಳೆನಾರು ಎಲ್ಲ ಬಿಚ್ಚಿ. ಕಟ್ಟಿದ ಜಾಗದಲ್ಲೇ ದಂಟು ನಲುಗಿರುತ್ತದೆ, ಕೊಳೆಯುವುದೂ ಅಲ್ಲಿಂದಲೇ ಶುರು.

ಆಮೇಲೆ ಪೆಟ್ಟಾದದ್ದು, ಬಿರುಕು ಬಿಟ್ಟದ್ದು, ಹುಳುಕಿರುವುದು ಇದ್ದರೆ ಬೇರೆ ತೆಗೆದು ಅವತ್ತಿನ ಹುಳಿಗೇ ಹಾಕಿ. ಕೊಳೆತ ಒಂದು ಟೊಮೆಟೊ ಬುಟ್ಟಿಯಲ್ಲಿ ಉಳಿದರೆ ಬೂಷ್ಟು ಪಕ್ಕದ ನಾಲ್ಕಕ್ಕೆ ದಾಟುತ್ತದೆ.

ತೊಳೆಯಬೇಡಿ. ಇದೊಂದು ಮಾತನ್ನು ನೂರು ಸಲ ಹೇಳಲೂ ನಾನು ತಯಾರು. ಬಹಳ ಮನೆಗಳಲ್ಲಿ ತಂದ ಕೂಡಲೇ ಎಲ್ಲವನ್ನೂ ಬಕೆಟ್ಟಿನಲ್ಲಿ ಮುಳುಗಿಸಿ ತೊಳೆದು, ಒದ್ದೆಯಲ್ಲೇ ಒಳಗಿಡುತ್ತಾರೆ. ತೊಟ್ಟಿನ ಸಂದಿಯಲ್ಲಿ, ಎಲೆಯ ಮಡಿಕೆಯಲ್ಲಿ ನಿಂತ ನೀರಿಗಿಂತ ಒಳ್ಳೆಯ ಮನೆ ಕೊಳೆರೋಗಕ್ಕೆ ಇನ್ನೊಂದಿಲ್ಲ. ಅವ್ವ ಹೇಳುತ್ತಿದ್ದದ್ದೂ ಇದನ್ನೇ: "ನೀರ್ ಸೋಕಿಸ್ಬ್ಯಾಡ ಕಣವ್ವ, ಒಲೆಗಾಕೋ ಮುಂಚೆ ತೊಳೆದ್ರೆ ಸಾಕು." ಮಣ್ಣು ತುಂಬ ಇದ್ದರೆ ಒಣ ಬಟ್ಟೆಯಲ್ಲಿ ಒರೆಸಿ. ತೊಳೆಯಲೇಬೇಕು ಅನ್ನುವವರು ತೊಳೆದ ಮೇಲೆ ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿಯೇ ಎತ್ತಿಡಿ.

ಸೊಪ್ಪು

ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ನಮ್ಮ ಕಡೆಯ ಅಡುಗೆ ನಿಂತಿರುವುದೇ ಸೊಪ್ಪಿನ ಮೇಲೆ, ಬೇಗ ಕೆಡುವುದೂ ಸೊಪ್ಪೇ.

ಕೊತ್ತಂಬರಿಯಿಂದ ಶುರು ಮಾಡೋಣ. ಕಟ್ಟು ಬಿಚ್ಚಿ, ಬೇರನ್ನು ಒಂದು ಬೆರಳಗಲ ದಂಟು ಸೇರಿಸಿ ಕತ್ತರಿಸಿ ತೆಗೆಯಿರಿ. ಹಳದಿ ಎಲೆ, ನಲುಗಿದ ಎಲೆಗಳನ್ನು ಒಂದೂ ಬಿಡದೆ ಆರಿಸಿ. ವ್ಯಾಪಾರಿಗಳು ಬಾಡದಿರಲೆಂದು ನೀರು ಚಿಮುಕಿಸಿರುತ್ತಾರೆ, ಅದು ಆರಬೇಕು. ಹರವಿದ ಬಟ್ಟೆಯ ಮೇಲೆ ಫ್ಯಾನ್ ಕೆಳಗೆ ಇಪ್ಪತ್ತು ನಿಮಿಷ ಬಿಡಿ. ಎಲೆ ಕೈಗೆ ಒಣಗಿದ ಹಾಗೆ ಅನ್ನಿಸಬೇಕು, ಆದರೆ ಬಾಡಿರಬಾರದು. ಆಮೇಲೆ ಹಳೆಯ ಮೆತ್ತನೆಯ ಹತ್ತಿ ಬಟ್ಟೆಯನ್ನು ಡಬ್ಬಿಯ ತಳಕ್ಕೆ ಹಾಸಿ, ಸೊಪ್ಪನ್ನು ಅದುಮದೆ ಸಡಿಲವಾಗಿ ಇಟ್ಟು, ಮೇಲೂ ಬಟ್ಟೆ ಮಡಿಸಿ ಮುಚ್ಚಳ ಹಾಕಿ. ಮೂರನೆಯ ದಿನ ತೆಗೆದು ನೋಡಿ. ಬಟ್ಟೆ ತಣ್ಣಗೆ, ಒದ್ದೆಯಾಗಿರುತ್ತದೆ, ಅದು ಸೊಪ್ಪಿನ ಬೆವರು. ಆ ಬಟ್ಟೆ ತೆಗೆದು ಒಣಗಿದ ಇನ್ನೊಂದು ಬಟ್ಟೆ ಹಾಕಿ. ಕೆಟ್ಟ ಎಲೆ ಕಂಡರೆ ಆಗಲೇ ಆರಿಸಿಬಿಡಿ. ಇಷ್ಟು ಮಾಡಿದರೆ ನಮ್ಮ ಮನೆಯಲ್ಲಿ ಕೊತ್ತಂಬರಿ ಎಂಟರಿಂದ ಹತ್ತು ದಿನ ಬರುತ್ತದೆ. ಬಟ್ಟೆ ಬದಲಿಸುವುದನ್ನು ಮರೆತರೆ ಐದೇ ದಿನ. ಪುದೀನಕ್ಕೂ ಇದೇ ರೀತಿ.

ಕರಿಬೇವಿಗೆ ಇಷ್ಟು ಉಪಚಾರ ಬೇಡ. ಎಸಳನ್ನು ಪೂರ್ತಿ ಒಣಗಿಸಿ, ಕಡ್ಡಿಯಿಂದ ಎಲೆ ಬಿಡಿಸಿ ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು ವಾರಕ್ಕೆ ಮೋಸವಿಲ್ಲ.

ದಂಟು, ಕೀರೆ, ಪಾಲಕ್, ಮೆಂತ್ಯ, ಸಬ್ಬಸಿಗೆಗಳನ್ನು ಸೋಸದೆ, ಬೇರು ಮಾತ್ರ ಕತ್ತರಿಸಿ ಬಟ್ಟೆಯಲ್ಲಿ ಸುತ್ತಿಡಿ. ಹೆಚ್ಚಿಟ್ಟ ಸೊಪ್ಪು ಮರುದಿನಕ್ಕೇ ಕಪ್ಪಗಾಗುತ್ತದೆ. ಹೇಗಿಟ್ಟರೂ ಇವಕ್ಕೆ ಮೂರು ದಿನಕ್ಕಿಂತ ಹೆಚ್ಚಿನ ಆಯುಷ್ಯ ಇಲ್ಲ ಅಂದುಕೊಳ್ಳಿ. ಹಾಗಾಗಿ ವಾರದ ಅಡುಗೆಯನ್ನು ತರಕಾರಿಯ ಆಯುಷ್ಯ ನೋಡಿ ಜೋಡಿಸಿಕೊಳ್ಳುವುದು ಎಲ್ಲ ಉಪಾಯಕ್ಕಿಂತ ದೊಡ್ಡ ಉಪಾಯ. ನಮ್ಮಲ್ಲಿ ಭಾನುವಾರ ತಂದರೆ ಸೋಮವಾರ ಮಸ್ಸೊಪ್ಪು, ಮಂಗಳವಾರ ಸೊಪ್ಪಿನ ಬಸ್ಸಾರು. ಬುಧವಾರದಿಂದ ಬೆಂಡೆ, ಬದನೆ, ಹುರುಳಿಕಾಯಿ. ವಾರದ ಕೊನೆಗೆ ಕ್ಯಾರೆಟ್, ಬೀಟ್‌ರೂಟ್, ಸೀಮೆಬದನೆ, ಎಲೆಕೋಸು. ಕುಂಬಳಕಾಯಿ ಇಡಿಯಾಗಿದ್ದರೆ ತಿಂಗಳುಗಟ್ಟಲೆ ಕಾಯುತ್ತದೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಸೊಪ್ಪು ಬಾಡಿದೆ ಅಂತ ಎಸೆಯುವ ಮುಂಚೆ ಒಂದು ಪರೀಕ್ಷೆ. ದಂಟಿನ ತುದಿಯನ್ನು ಸ್ವಲ್ಪ ಕತ್ತರಿಸಿ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿ. ನೀರು ಆರಿ ಬಾಡಿದ್ದರೆ ಮತ್ತೆ ನೆಟ್ಟಗೆ ನಿಲ್ಲುತ್ತದೆ. ಲೋಳೆ ಕಂಡರೆ, ವಾಸನೆ ಬಂದರೆ ಅದು ಕೊಳೆತದ್ದು, ಗಿಡದ ಬುಡಕ್ಕೆ ಹಾಕಿ.

ಫ್ರಿಜ್ಜಿನ ಹೊರಗೇ ಇರಬೇಕಾದವು

ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬಾಳೆಹಣ್ಣು, ಪೂರ್ತಿ ಹಣ್ಣಾಗದ ಟೊಮೆಟೊ ಇವು ಹೊರಗೇ ಚೆನ್ನಾಗಿರುತ್ತವೆ. ಈರುಳ್ಳಿಗೂ ಆಲೂಗಡ್ಡೆಗೂ ಬೇರೆ ಬೇರೆ ಬುಟ್ಟಿ ಇಡಿ. ಎರಡಕ್ಕೂ ಗಾಳಿ ಬೇಕು, ಆದರೆ ಆಲೂಗಡ್ಡೆಯ ತೇವಕ್ಕೆ ಈರುಳ್ಳಿ ಮೆತ್ತಗಾಗಿ ಮೊಳೆಯುತ್ತದೆ. ಆಲೂಗಡ್ಡೆಗೆ ಕತ್ತಲೂ ಬೇಕು. ಬೆಳಕಿಗೆ ಹಸಿರಾದ ಭಾಗದಲ್ಲಿ, ಮೊಳಕೆಯಲ್ಲಿ ಸೊಲನೈನ್ ಎಂಬ ವಿಷ ಸೇರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಸ್ವಲ್ಪ ಇದ್ದರೆ ದಪ್ಪಗೆ ಕೆತ್ತಿ ತೆಗೆಯಿರಿ, ಗೆಡ್ಡೆಯೆಲ್ಲ ಹಸಿರಾಗಿದ್ದರೆ ಬಿಸಾಡಿ. ಫ್ರಿಜ್ಜಿನಲ್ಲಿಟ್ಟರೆ ಅದರ ಪಿಷ್ಟ ಸಕ್ಕರೆಯಾಗಿ, ಕರಿಯುವಾಗ ಬೇಗ ಕಪ್ಪಗಾಗುತ್ತದೆ.

ಬಾಳೆಹಣ್ಣಿನ ಜೊತೆ ಹುಷಾರು. ಹಣ್ಣಾಗುವಾಗ ಬಾಳೆ, ಮಾವು, ಪರಂಗಿ, ಸೇಬು, ಟೊಮೆಟೊ ಇವೆಲ್ಲ ಎಥಿಲೀನ್ ಎಂಬ ಅನಿಲ ಬಿಡುತ್ತವೆ. ಪಕ್ಕದಲ್ಲಿ ಏನಿದೆಯೋ ಅದನ್ನೂ ಹಣ್ಣು ಮಾಡುವ ಉಸಿರು ಅದು. ಸೊಪ್ಪು, ಸೌತೆಕಾಯಿ, ಎಲೆಕೋಸು ಅದರ ಬಳಿ ಇದ್ದರೆ ಹಳದಿ ತಿರುಗುತ್ತವೆ. ನಂಜನಗೂಡು ರಸಬಾಳೆ ಅಪರೂಪಕ್ಕೆ ಸಿಕ್ಕಿದರೆ ಚಿಪ್ಪನ್ನು ಮೊಳೆಗೆ ತೂಗುಹಾಕಿ, ತೊಟ್ಟು ಸೇರುವ ಜಾಗಕ್ಕೆ ಬಿಗಿಯಾಗಿ ಪ್ಲಾಸ್ಟಿಕ್ ಸುತ್ತಿ. ಒಂದೆರಡು ದಿನ ಹೆಚ್ಚು ಸಿಗುತ್ತದೆ. ಬಾಳೆಗೆ 13 ಡಿಗ್ರಿಗಿಂತ ಕೆಳಗಿನ ತಂಪು ಆಗಿಬರುವುದಿಲ್ಲ, ಸಿಪ್ಪೆ ಕಪ್ಪಗಾಗುತ್ತದೆ. ಇದೇ ಅನಿಲದಿಂದ ಉಪಯೋಗವೂ ಇದೆ: ಕಾಯಿ ಟೊಮೆಟೊ, ಮಾವಿನಕಾಯಿಗಳನ್ನು ಒಂದು ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಮುಚ್ಚಿಟ್ಟರೆ ಬೇಗ ಹಣ್ಣಾಗುತ್ತವೆ.

ಟೊಮೆಟೊವನ್ನು ತೊಟ್ಟಿನ ಕಡೆ ಕೆಳಗೆ ಮಾಡಿ, ಒಂದರ ಮೇಲೊಂದು ಬೀಳದಂತೆ ಜೋಡಿಸಿ. ಪೂರ್ತಿ ಕೆಂಪಾದವನ್ನು ಮಾತ್ರ ಫ್ರಿಜ್ಜಿಗೆ ಹಾಕಿ. ಬೇಗ ಹಾಕಿದರೆ ರುಚಿ ಹೋಗುತ್ತದೆ. ಬೆಲೆ ಬಿದ್ದು ಕಿಲೋಗಟ್ಟಲೆ ತಂದ ವಾರ ಗೊಜ್ಜು ಮಾಡಿಬಿಡಿ. ಹುಣಸೆ, ಉಪ್ಪು, ಖಾರ ಹಾಕಿ ಎಣ್ಣೆ ಬಿಡುವವರೆಗೆ ಬಾಡಿಸಿ, ಆರಿದ ಮೇಲೆ ಒಣಗಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಎರಡು ವಾರ ದೋಸೆಗೂ ಅನ್ನಕ್ಕೂ ಆಗುತ್ತದೆ.

ಫ್ರಿಜ್ಜಿಗೆ ಹೋಗುವವು

ಫ್ರಿಜ್ಜಿನ ಒಳಗೆ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ, ಫ್ರೀಜರಿನಲ್ಲಿ ಮೈನಸ್ 18 ಇರಬೇಕು. ಬಾಗಿಲಿನ ಕಪಾಟು ಎಲ್ಲಕ್ಕಿಂತ ಬೆಚ್ಚಗಿನ ಜಾಗ, ಹಾಲನ್ನು ಅಲ್ಲಿಡಬೇಡಿ. ಹಸಿ ಮಾಂಸ, ಮೀನು ತಂದರೆ ಮುಚ್ಚಿದ ಡಬ್ಬಿಯಲ್ಲಿ, ಅಡುಗೆಯ ಪಾತ್ರೆಗಳಿಗಿಂತ ಕೆಳಗಿನ ತಟ್ಟಿನಲ್ಲಿ ಇಡಿ. ಅದರ ನೀರು ಸೋರಿ ಅನ್ನದ ಪಾತ್ರೆಗೆ ಬಿದ್ದರೆ ಆಪತ್ತು.

ಹಸಿಮೆಣಸಿನಕಾಯಿಯ ತೊಟ್ಟು ಕಿತ್ತು, ಬಟ್ಟೆ ಹಾಸಿದ ಡಬ್ಬಿಯಲ್ಲಿಡಿ, ಕೊಳೆ ಮೊದಲು ಹತ್ತುವುದು ತೊಟ್ಟಿಗೆ. ಬೆಂಡೆಕಾಯಿ ಒಂದಿಷ್ಟೂ ಒದ್ದೆ ಇರಬಾರದು. ಈರಂಗೆರೆ ಬದನೆ ಸಿಕ್ಕಿದರೆ ಎರಡು ಮೂರು ದಿನದೊಳಗೆ ಎಣ್ಣೆಗಾಯಿ ಮಾಡಿ ಮುಗಿಸಿ, ತೀರ ತಂಪಿನಲ್ಲಿ ಒಳಗೆಲ್ಲ ಕಂದು ತಿರುಗುತ್ತದೆ. ಕ್ಯಾರೆಟ್, ಮೂಲಂಗಿಯ ಸೊಪ್ಪನ್ನು ತಂದ ದಿನವೇ ಕತ್ತರಿಸಿ ತೆಗೆಯಿರಿ. ಇಲ್ಲದಿದ್ದರೆ ಎಲೆ ಗೆಡ್ಡೆಯ ನೀರನ್ನು ಹೀರಿ ಅದನ್ನು ಬೆಂಡಾಗಿಸುತ್ತದೆ. ಮೂಲಂಗಿ ಸೊಪ್ಪಿನ ಪಲ್ಯ ಅವತ್ತೇ ಮಾಡಿ. ನಿಂಬೆಹಣ್ಣು ಹೊರಗಿದ್ದರೆ ವಾರಕ್ಕೆ ಕಲ್ಲಾಗುತ್ತದೆ, ಬಿಗಿದ ಕವರಿನಲ್ಲಿ ಫ್ರಿಜ್ಜಿನಲ್ಲಿದ್ದರೆ ಮೂರು ನಾಲ್ಕು ವಾರ ರಸ ಉಳಿಯುತ್ತದೆ.

ಚಳಿಗಾಲದ ಅವರೆಕಾಯಿಗೆ ಮಾತ್ರ ಫ್ರೀಜರಿನಲ್ಲಿ ಜಾಗ ಮೀಸಲಿಡಿ. ಸೊಗಡು ಇರುವ ಕಾಯಿ ಸಿಗುವುದು ಡಿಸೆಂಬರ್, ಜನವರಿಯಲ್ಲಿ. ಬಿಡಿಸಿದ ಕಾಳನ್ನು ಕುದಿಯುವ ನೀರಿಗೆ ಹಾಕಿ ಎರಡು ನಿಮಿಷಕ್ಕೆ ಬಸಿದು, ತಕ್ಷಣ ತಣ್ಣೀರಿಗೆ ಹಾಕಿ, ಬಟ್ಟೆಯ ಮೇಲೆ ಆರಿಸಿ, ಒಂದು ಸಾರಿಗಾಗುವಷ್ಟರ ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿ. ಎರಡು ನಿಮಿಷದ ಆ ಕುದಿ ಕಾಳನ್ನು ಹಳತು ಮಾಡುವ ಕಿಣ್ವಗಳನ್ನು ನಿಲ್ಲಿಸುತ್ತದೆ. ಹಿತಕಿದ ಬೇಳೆಯನ್ನೂ ಹೀಗೇ ಇಡಬಹುದು, ಕುದಿ ಒಂದೇ ನಿಮಿಷ ಸಾಕು. ಯುಗಾದಿಯಲ್ಲಿ ಹಿತಕಬೇಳೆ ಸಾರು ಮಾಡಿದಾಗ ಬಂದವರೆಲ್ಲ ಎಲ್ಲಿ ಸಿಕ್ಕಿತು ಎಂದು ಕೇಳುತ್ತಾರೆ.

ತೆಂಗಿನಕಾಯಿಯದ್ದು ಒಂದು ಹಳೆಯ ಲೆಕ್ಕ. ಒಡೆಯುವವರೆಗೆ ಜುಟ್ಟು ಕೀಳಬೇಡಿ, ಕಣ್ಣು ಬಯಲಾದ ಕಾಯಿ ಬೇಗ ಕೆಡುತ್ತದೆ. ಒಡೆದಾಗ ಕಣ್ಣಿನ ಹೋಳನ್ನೇ ಮೊದಲು ತುರಿಯಿರಿ. ನನ್ನ ಅತ್ತೆ ಇದನ್ನು ಒಂದು ದಿನವೂ ತಪ್ಪಿಸಿದವರಲ್ಲ. ನಾನು ಒಂದು ಸಲ ಎರಡು ಹೋಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮೂರನೆಯ ದಿನ ಕಣ್ಣಿನ ಹೋಳಿನ ಗುಳಿಗಳ ಸುತ್ತ ನಸುಗೆಂಪು ಜಿಡ್ಡು ಕೂತಿತ್ತು, ಇನ್ನೊಂದು ಬೆಳ್ಳಗೇ ಇತ್ತು. ಹಬ್ಬಕ್ಕೆ ಹೆಚ್ಚು ಕಾಯಿ ಒಡೆದಾಗ ಎಲ್ಲ ತುರಿದು, ಕವರಿನಲ್ಲಿ ತೆಳ್ಳಗೆ ಹರವಿ ಫ್ರೀಜ್ ಮಾಡಿ. ಬೇಕಾದಷ್ಟು ಮುರಿದುಕೊಂಡರೆ ಆಯಿತು.

ಬೆಳ್ಳುಳ್ಳಿ ವಿಷಯದಲ್ಲಿ ಒಂದು ಎಚ್ಚರಿಕೆ. ಸುಲಿದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡಲೇಬೇಡಿ. ಗಾಳಿಯಿಲ್ಲದ ಆ ಎಣ್ಣೆಯೊಳಗೆ ಬಾಟುಲಿಸಂ ಎಂಬ, ಪ್ರಾಣಕ್ಕೇ ಎರವಾಗಬಲ್ಲ ವಿಷಾಹಾರದ ಕಾಯಿಲೆ ತರುವ ಸೂಕ್ಷ್ಮಜೀವಿ ಬೆಳೆಯಬಲ್ಲದು, ಬಣ್ಣ ವಾಸನೆಯಲ್ಲಿ ಅದು ಗೊತ್ತಾಗುವುದೇ ಇಲ್ಲ. ಶುಂಠಿ ಬೆಳ್ಳುಳ್ಳಿ ರುಬ್ಬಿದ್ದನ್ನು ಐಸ್ ತಟ್ಟೆಯಲ್ಲಿ ತುಂಬಿ ಗಟ್ಟಿ ಮಾಡಿಟ್ಟುಕೊಳ್ಳುವುದೇ ಕ್ಷೇಮ.

ಫ್ರಿಜ್ ಇಲ್ಲದ ಮನೆಗೆ

ಒಂದು ದೊಡ್ಡ ಮಣ್ಣಿನ ಮಡಕೆ, ಅದರೊಳಗೆ ಕೂರುವ ಚಿಕ್ಕ ಮಡಕೆ. ನಡುವಿನ ಸಂದಿಗೆ ಮರಳು ತುಂಬಿ, ಬೆಳಿಗ್ಗೆ ಸಂಜೆ ಆ ಮರಳಿಗೆ ನೀರು ಹಾಕಿ. ಒಳಗಿನ ಮಡಕೆಯಲ್ಲಿ ತರಕಾರಿ ಇಟ್ಟು ಒದ್ದೆ ಗೋಣಿ ತಾಟು ಮುಚ್ಚಿ, ನೆರಳಲ್ಲಿ ಗಾಳಿ ಆಡುವ ಕಡೆ ಇಡಿ. ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಹೂಜಿಯ ನೀರು ತಣ್ಣಗಾಗುವುದೂ ಹೀಗೆಯೇ. ಮಾರ್ಚ್‌ನಿಂದ ಮೇವರೆಗಿನ ನಮ್ಮ ಒಣ ಬಿಸಿಲಿಗೆ ಇದು ಚೆನ್ನಾಗಿ ನಡೆಯುತ್ತದೆ. ಮಳೆ ಹಿಡಿದ ಮೇಲೆ ಗಾಳಿಯಲ್ಲೇ ತೇವ ತುಂಬಿರುವುದರಿಂದ ಅಷ್ಟು ಫಲವಿಲ್ಲ. ಹಾಲು, ಅಡುಗೆಗೆ ಈ ತಂಪು ಸಾಲದು, ತರಕಾರಿಗೆ ಮಾತ್ರ.

ಕಾಳುಕಡ್ಡಿ ಬಗ್ಗೆ ಚುಟುಕಾಗಿ: ರವೆ, ಕಡಲೆಹಿಟ್ಟು ತಂದ ಮೇಲೆ ಮೂರು ನಾಲ್ಕು ದಿನ ಫ್ರೀಜರಿನಲ್ಲಿಟ್ಟು ತೆಗೆದರೆ ಹುಳುವಿನ ಮೊಟ್ಟೆ ಸಾಯುತ್ತದೆ. ತೊಗರಿಬೇಳೆಗೆ ಕಿಲೋಗೆ ಒಂದು ಚಮಚ ಹರಳೆಣ್ಣೆ ಸವರಿಡಿ. ಮಂಡ್ಯದ ಬೆಲ್ಲ ಮಳೆಗಾಲಕ್ಕೆ ಜಿನುಗಿದರೆ ಸ್ವಲ್ಪ ನೀರಲ್ಲಿ ಕರಗಿಸಿ ಸೋಸಿ, ಗಟ್ಟಿ ಪಾಕ ಮಾಡಿ ಬಾಟಲಿಗೆ ತುಂಬಿ. ರಾಗಿಗೆ ಇದಾವುದೂ ಬೇಡ. ಹಿಂದಿನವರು ಅದನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಉಸಿರಾಡಿ ಆಮ್ಲಜನಕ ತೀರಿ, ಹುಳು ಬದುಕುತ್ತಿರಲಿಲ್ಲ. ಅದಕ್ಕೇ ಮನುಷ್ಯ ಇಳಿಯುವ ಮುಂಚೆ ದೀಪ ಇಳಿಬಿಟ್ಟು, ಅದು ಆರುತ್ತದೋ ಇಲ್ಲವೋ ನೋಡುತ್ತಿದ್ದರು.

ಮಿಕ್ಕ ಅಡುಗೆ

ನನ್ನ ತಂಗಿಯ ಮನೆಯ ಗೃಹಪ್ರವೇಶ. ರಾತ್ರಿ ದೊಡ್ಡ ಡಬರಿಯ ತುಂಬ ಅನ್ನ ಮಿಕ್ಕಿತು. ಬೆಳಿಗ್ಗೆ ಚಿತ್ರಾನ್ನ ಮಾಡಿದರಾಯಿತು ಎಂದು ತಟ್ಟೆ ಮುಚ್ಚಿ ಮಲಗಿದೆವು. ಐದು ಗಂಟೆಗೆ ಎದ್ದು ಕೈ ಹಾಕಿದರೆ ಮೇಲೆಲ್ಲ ತಣ್ಣಗೆ, ಮೊಣಕೈವರೆಗೆ ಇಳಿಸಿದ ಮೇಲೆ ನಡುವೆ ಇನ್ನೂ ಬೆಚ್ಚಗಿತ್ತು, ಒಲೆ ಆರಿಸಿ ಏಳು ಗಂಟೆಯಾದರೂ. ಅಗುಳು ಬೆರಳಿಗೆ ಎಳೆ ಎಳೆಯಾಗಿ ಅಂಟಿತು. ನಡುವಿನಿಂದಲೇ ಹಳಸಿತ್ತು. ಅಷ್ಟು ಅನ್ನವನ್ನು ಹೂಳಬೇಕಾಗಿ ಬಂದಾಗ ಆದ ಸಂಕಟ ಇನ್ನೂ ಮರೆತಿಲ್ಲ. ಅವತ್ತಿನಿಂದ ನಾನು ಅನ್ನವನ್ನು ಎಂದೂ ರಾಶಿಯಾಗಿ ಬಿಟ್ಟಿಲ್ಲ.

ಕಾರಣ ಇಷ್ಟು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣ ಇರಬಹುದು. ಅನ್ನ ಬೆಂದರೂ ಅದು ಸಾಯುವುದಿಲ್ಲ. 5 ಡಿಗ್ರಿಗಿಂತ ಮೇಲೆ, 60 ಡಿಗ್ರಿಗಿಂತ ಕೆಳಗೆ ಅನ್ನ ಬೆಚ್ಚಗೆ ಕೂತಷ್ಟು ಹೊತ್ತೂ ಮೊಳೆತು ಬೆಳೆದು ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೆ ಹೋಗುವುದಿಲ್ಲ. ಒಗ್ಗರಣೆ ಕೊಟ್ಟು ಚಿತ್ರಾನ್ನ ಮಾಡಿದರೆ ಸರಿಹೋಗುತ್ತದೆ ಅನ್ನುವುದು ತಪ್ಪು, ಮಕ್ಕಳಿರುವ ಮನೆಯಲ್ಲಂತೂ ದಯವಿಟ್ಟು ಆ ನಂಬಿಕೆ ಬಿಡಿ. ಹೀಗೆ ಮಾಡಿ:

1. ಊಟ ಮುಗಿದ ಕೂಡಲೇ ಮಿಕ್ಕ ಅನ್ನವನ್ನು ಅಗಲವಾದ ಹರಿವಾಣದಲ್ಲಿ ತೆಳ್ಳಗೆ ಹರವಿ.
2. ಫ್ಯಾನ್ ಕೆಳಗೆ ಇಪ್ಪತ್ತು ಮೂವತ್ತು ನಿಮಿಷಕ್ಕೆ ಬಿಸಿ ಆರುತ್ತದೆ. ಒಲೆಯಿಂದ ಇಳಿಸಿ ಎರಡು ಗಂಟೆ ದಾಟುವ ಮುಂಚೆ, ಬೇಸಿಗೆಯಲ್ಲಿ ಒಂದೇ ಗಂಟೆಯೊಳಗೆ, ಮುಚ್ಚಳದ ಡಬ್ಬಿಗೆ ತುಂಬಿ ಫ್ರಿಜ್ಜಿಗಿಡಿ.
3. ಮರುದಿನದೊಳಗೆ ಮುಗಿಸಿ. ಬೇಕಾದಷ್ಟನ್ನೇ ತೆಗೆದು ಹೊಗೆಯಾಡುವ ಹಾಗೆ ಬಿಸಿ ಮಾಡಿ, ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೆ ಒಳಗಿಡಬೇಡಿ.

ಸಾರಿನ ಪಾತ್ರೆಯನ್ನು ನೀರು ತುಂಬಿದ ಅಗಲ ಬೋಗುಣಿಯಲ್ಲಿ ಕೂರಿಸಿ ಸೌಟಿನಲ್ಲಿ ಆಗಾಗ ತಿರುವಿದರೆ ಬೇಗ ತಣಿಯುತ್ತದೆ. ತಣಿದ ಮೇಲೆ ಸೌಟು ತೆಗೆದುಬಿಡಿ. ಬೇಳೆ, ಕಾಯಿ ರುಬ್ಬಿ ಹಾಕಿದ ಸಾರಿಗಿಂತ ಹುಣಸೆ, ಟೊಮೆಟೊ ಹುಳಿಯ ತಿಳಿಸಾರು ತಡವಾಗಿ ಕೆಡುತ್ತದೆ, ಹುಳಿಯಲ್ಲಿ ಸೂಕ್ಷ್ಮಜೀವಿಗಳು ಸುಲಭಕ್ಕೆ ಬೆಳೆಯಲಾರವು. ಬಸ್ಸಾರು ಮರುದಿನ ಇನ್ನೂ ರುಚಿ ಅನ್ನುವವರಲ್ಲಿ ನಾನೂ ಒಬ್ಬಳು. ಆದರೆ ರಾತ್ರಿ ಅದು ಫ್ರಿಜ್ಜಿನಲ್ಲಿರಬೇಕು, ಬೆಳಿಗ್ಗೆ ಉಗುರುಬೆಚ್ಚಗಾದರೆ ಸಾಲದು, ಕೊತಕೊತ ಕುದಿಯಬೇಕು. ಬಾಡೂಟದ ಸಾರಿಗೂ ಇದೇ ನಿಯಮ, ಎರಡು ದಿನದ ಮೇಲೆ ಇಡಬೇಡಿ. ಹುಳಿ ಹಾಕಿದ ಯಾವುದನ್ನೂ ಕಲಾಯಿ ಹೋದ ಹಿತ್ತಾಳೆಯಲ್ಲಿ, ಅಲ್ಯೂಮಿನಿಯಂನಲ್ಲಿ ರಾತ್ರಿ ಬಿಡಬಾರದು. ಸ್ಟೀಲು, ಗಾಜು, ಪಿಂಗಾಣಿ ಸರಿ.

ಉಪ್ಸಾರಿನ ಖಾರವನ್ನು ನೀರು ಸೋಕಿಸದೆ ರುಬ್ಬಿ, ಒಣಗಿದ ಬಾಟಲಿಯಲ್ಲಿ ಫ್ರಿಜ್ಜಿಗಿಟ್ಟರೆ ವಾರ ಬರುತ್ತದೆ. ಕಾಯಿಚಟ್ನಿ ಅವತ್ತಿನದು ಅವತ್ತಿಗೇ. ಒಗ್ಗರಣೆ ಹಾಕಿದರೆ ಉಳಿಯುತ್ತದೆ ಎಂದು ನೆಚ್ಚಬೇಡಿ.

ಇಡ್ಲಿ ಹಿಟ್ಟನ್ನು ರುಬ್ಬಿದ ಕೂಡಲೇ ಎರಡು ಭಾಗ ಮಾಡಿ. ನಾಳೆಗೆ ಬೇಕಾದದ್ದನ್ನು ಮಾತ್ರ ಹುದುಗಲು ಹೊರಗಿಟ್ಟು, ಉಳಿದದ್ದನ್ನು ಹುದುಗುವ ಮುಂಚೆಯೇ ಫ್ರಿಜ್ಜಿಗಿಡಿ. ಬೇಕಾದ ಹಿಂದಿನ ರಾತ್ರಿ ತೆಗೆದು ಹೊರಗಿಟ್ಟರೆ ಹೊಸ ಹಿಟ್ಟಿನಷ್ಟೇ ಮೃದುವಾದ ಇಡ್ಲಿ. ಪೂರ್ತಿ ಹುದುಗಿದ ಮೇಲೆ ಒಳಗಿಟ್ಟ ಹಿಟ್ಟು ಮೂರನೆಯ ದಿನಕ್ಕೆ ಹುಳಿಯಾಗಿ ದೋಸೆಗೆ ಮಾತ್ರ ಬರುತ್ತದೆ.

ರಾತ್ರಿ ಮಿಕ್ಕ ಮುದ್ದೆಯನ್ನು ಇಡಿಯಾಗಿ ಬಿಡಬೇಡಿ, ಒಳಗೆ ಬಿಸಿ ಹಾಗೇ ಕೂತಿರುತ್ತದೆ. ಬೆಚ್ಚಗಿರುವಾಗಲೇ ಮುರಿದು ಆರಿಸಿ, ಮುಳುಗುವಷ್ಟು ಹುಳಿಮಜ್ಜಿಗೆ ಹಾಕಿ ಮುಚ್ಚಿಡಿ. ಬೆಳಿಗ್ಗೆ ಕಿವುಚಿ, ಉಪ್ಪು, ಹೆಚ್ಚಿದ ಈರುಳ್ಳಿ, ಒಂದು ಹಸಿಮೆಣಸಿನಕಾಯಿ. ಗದ್ದೆಗೆ ಹೋಗುವ ಮುಂಚೆ ಅಪ್ಪ ಒಂದು ಚೊಂಬು ಕುಡಿದು ಹೊರಡುತ್ತಿದ್ದರು. ಪ್ರಯಾಣಕ್ಕೆ ಮೊಸರನ್ನ ಕಟ್ಟುವುದಾದರೆ ಅನ್ನಕ್ಕೆ ಕಾಯಿಸಿದ ಹಾಲು ಹೆಚ್ಚಿಗೆ ಹಾಕಿ ಮಿದ್ದು, ಉಗುರುಬೆಚ್ಚಗಾದ ಮೇಲೆ ಒಂದೇ ಚಮಚ ಮೊಸರು ಬೆರೆಸಿ. ಊಟದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ.

ಮುಸುರೆ ಕೈಯಲ್ಲಿ ಉಪ್ಪಿನಕಾಯಿ ಜಾಡಿ ಮುಟ್ಟಬೇಡ ಎಂದು ಹಿರಿಯರು ಗದರುತ್ತಿದ್ದದ್ದು ಮಡಿಯ ಮಾತೆಂದು ತಳ್ಳಿಹಾಕಬೇಡಿ. ಅನ್ನದ ಅಗುಳು, ನೀರಿನ ಹನಿ ಜಾಡಿಗೆ ಬಿದ್ದರೆ ಬೂಷ್ಟು ಬರುತ್ತದೆ. ಎಂಜಲು ಚಮಚದ ಜೊಲ್ಲಿನಲ್ಲಿ ಪಿಷ್ಟ ಕರಗಿಸುವ ಕಿಣ್ವ ಇರುತ್ತದೆ, ಡಬ್ಬಿಯ ಅನ್ನ ನೀರಾಗುವುದು ಅದರಿಂದ.

ಎಸೆಯಲೇಬೇಕಾದವೂ ಇವೆ. ಬೂಷ್ಟು ಹಿಡಿದ ಬ್ರೆಡ್ಡಿನ ಆ ತುಂಡನ್ನಷ್ಟೇ ಕಿತ್ತರೆ ಸಾಲದು, ಕಣ್ಣಿಗೆ ಕಾಣದ ಎಳೆಗಳು ಒಳಗೆಲ್ಲ ಹರಡಿರುತ್ತವೆ. ಬೂಷ್ಟಿನ ಕಡಲೆಕಾಯಿ ಬೀಜ, ಒಣಕೊಬ್ಬರಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಪೂರ್ತಿ ಹೋಗದು. ನೊರೆ ಎದ್ದ ಸಾರು, ಎಳೆ ಬರುವ ಅನ್ನವನ್ನು ರುಚಿ ನೋಡಲೂ ನಾಲಿಗೆಗೆ ಹಚ್ಚಬೇಡಿ.

ಕರೆಂಟ್ ಹೋದಾಗ

ಬಾಗಿಲು ತೆಗೆಯದಿದ್ದರೆ ಫ್ರಿಜ್ಜಿನ ತಂಪು ಸುಮಾರು ನಾಲ್ಕು ಗಂಟೆ ನಿಲ್ಲುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಹಾಗಾಗಿ ಫ್ರೀಜರಿನಲ್ಲಿ ಜಾಗ ಖಾಲಿ ಇದ್ದರೆ ನೀರಿನ ಬಾಟಲಿಗಳನ್ನು ಮುಕ್ಕಾಲು ತುಂಬಿ ಇಟ್ಟಿರಿ.

ಜಾತ್ರೆಗೋ ಮದುವೆಗೋ ನಾಲ್ಕು ದಿನ ಊರಿಗೆ ಹೊರಡುವಾಗ ಒಂದು ಚಿಕ್ಕ ಲೋಟದಲ್ಲಿ ನೀರು ತುಂಬಿ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಹೋಗಿ. ವಾಪಸ್ ಬಂದಾಗ ನಾಣ್ಯ ಮೇಲೇ ಇದ್ದರೆ ನಿಶ್ಚಿಂತೆಯಿಂದ ಅವರೆಕಾಳಿನ ಪೊಟ್ಟಣ ತೆಗೆದು ಸಾರಿಗಿಡಿ. ನಾಣ್ಯ ಲೋಟದ ತಳದಲ್ಲಿ ಹೆಪ್ಪುಗಟ್ಟಿದ್ದರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ಅರ್ಥ. ಒಳಗಿರುವ ಮಾಂಸ, ಅಡುಗೆ, ಕಾಳು ಯಾವುದನ್ನೂ ಬಳಸಬೇಡಿ.